ಈ ಪದ ಶರೀಫಜ್ಜನದೇನು? ಲೆಕ್ಕ ಹಾಕಿ ನೋಡೋಣ

ಶಿಗ್ಗಾಂವ ತಾಲೂಕಿನ ಯಾವ ಹಳ್ಳಿಗೆ ಹೋದರೂ ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಭಜನಿ ಕೂಡುತ್ತದೆ. ಪೇಟಿ ಬಾರಿಸುವವರು ಒಬ್ಬರು, ದಮ್ಮಡಿ ಹಿಡಿದವರು ಇಬ್ಬರು, ತಾಳ ಹಾಕುವ ಹುಡುಗರು ನಾಲ್ಕಾರು ಮಂದಿ. ಪಕ್ಕದೂರಿನ ಮೇಳದವರೂ ಬಂದು ಕೂತರೆ ಹಾಡಿಗೆ ರಂಗೇರುತ್ತದೆ, ವಾದಕ್ಕೂ ಏರುತ್ತದೆ. ಇವರು ಶರೀಫರ ಪದವೊಂದನ್ನು ಎತ್ತಿಕೊಂಡು ಎರಡನೆಯ ನುಡಿಗೆ ಬರುವಷ್ಟರಲ್ಲಿ ಅವರ ಕಡೆಯಿಂದ ತಕರಾರು ಏಳುತ್ತದೆ: ‘ಹಂಗಲ್ಲೋ ತಮ್ಮಾ, ಆ ನುಡಿ ಆಮ್ಯಾಲೆ ಬರತೈತಿ.’ ‘ನಮ್ಮೂರಾಗ ನಮ್ಮಜ್ಜನ ಕಾಲದಿಂದ ಹಿಂಗ ಹಾಡ್ಕೋಂತ ಬಂದೇವಿ’ ಎಂದು ಇವರ ಉತ್ತರ. ಮೂಲೆಯಲ್ಲಿ ಕೂತ ಹಿರಿಯರೊಬ್ಬರು ಎಲೆಯಡಿಕೆ ಜಗಿಯುತ್ತ, ‘ಅದು ಶರೀಫಜ್ಜನ ಪದಾನ ಅಲ್ಲ ಬಿಡ್ರಿ’ ಎಂದು ಹೇಳಿ ಎರಡೂ ಮೇಳಗಳನ್ನು ಕೆಣಕುತ್ತಾರೆ.

ಇದೇ ವಾದ ವಿಶ್ವವಿದ್ಯಾಲಯಗಳಲ್ಲಿ ಬೇರೆ ಭಾಷೆಯಲ್ಲಿ ನಡೆಯುತ್ತದೆ. ಯಾವುದು ಮೂಲಪಾಠ, ಯಾವುದು ಪಾಠಾಂತರ, ಯಾವುದು ನಂತರದವರು ಸೇರಿಸಿದ್ದು? ಈ ಪ್ರಶ್ನೆಗಳಿಗೆ ವಿದ್ವಾಂಸರು ಇಷ್ಟುಕಾಲ ಓಲೆಗರಿ, ಕೈಬರಹ, ನೆನಪು ಮತ್ತು ತಮ್ಮ ಕಿವಿಯನ್ನು ನಂಬಿದ್ದರು. ಈಗ ಕಂಪ್ಯೂಟರೂ ಈ ವಾದಕ್ಕೆ ಬಂದು ಕೂತಿದೆ. ಸಾವಿರಾರು ಪದ್ಯಗಳನ್ನು ಒಟ್ಟಿಗೆ ಇಟ್ಟು ಎಣಿಸಿ, ಹೋಲಿಸಿ, ನಕ್ಷೆಯ ಮೇಲೆ ಹರಡಿ ನೋಡುವ ಈ ಹೊಸ ಅಧ್ಯಯನದ ಬಗ್ಗೆ ಅಲ್ಲಲ್ಲಿ ಕೇಳಿದ್ದೇವೆ. ‘ಕವಿತೆಯಲ್ಲಿ ಕಂಪ್ಯೂಟರಿಗೇನು ಕೆಲಸ’ ಎಂದು ಮೂಗು ಮುರಿದವರೂ ಇದ್ದಾರೆ, ‘ಇನ್ನು ವಿಮರ್ಶಕರು ಬೇಕಿಲ್ಲ’ ಎಂದು ಹಿಗ್ಗಿದವರೂ ಇದ್ದಾರೆ. ಎರಡೂ ಅವಸರದ ಮಾತು.

ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ನಿಂತು ಈ ವಿಷಯ ಮಾತಾಡುವುದಕ್ಕೆ ಕಾರಣವಿದೆ. ಶಿಶುನಾಳ ಶರೀಫರ (1819–1889) ಶಿಶುವಿನಹಾಳವೂ ಕನಕದಾಸರು ಹುಟ್ಟಿದ ಬಾಡವೂ ಶಿಗ್ಗಾಂವ ತಾಲೂಕಿನವು. ಸರ್ವಜ್ಞನ ಕಥೆ ಹಿರೇಕೆರೂರ ಸೀಮೆಯ ಅಬಲೂರು, ಮಾಸೂರುಗಳ ಸುತ್ತ ಹೆಣೆದುಕೊಂಡಿದೆ. ಮೂವರೂ ಓದುವವರಿಗಿಂತ ಹೆಚ್ಚಾಗಿ ಹಾಡುವವರ, ಹೇಳುವವರ ಬಾಯಲ್ಲಿ ಉಳಿದವರು. ಆದ್ದರಿಂದಲೇ ಮೂವರ ಹೆಸರಿನಲ್ಲೂ ಅವರು ಬರೆಯದೇ ಇದ್ದದ್ದು ಎಷ್ಟೋ ಸೇರಿದೆ.

ಎಣಿಸುವುದು ಹೊಸದಲ್ಲ

ಸಾಹಿತ್ಯದ ಅಧ್ಯಯನಕ್ಕೆ ಯಂತ್ರ ತಂದವರಲ್ಲಿ ಮೊದಲಿಗರು ಇಟಲಿಯ ಪಾದ್ರಿ ರೊಬೆರ್ತೊ ಬೂಸಾ. ಮಧ್ಯಯುಗದ ತತ್ವಜ್ಞಾನಿ ಥಾಮಸ್ ಅಕ್ವಿನಾಸರ ಬರಹದ ಪ್ರತಿ ಪದಕ್ಕೂ ಸೂಚಿ ಬೇಕೆಂದು ಅವರು 1949ರಲ್ಲಿ ಐಬಿಎಂ ಕಂಪನಿಯ ಮುಖ್ಯಸ್ಥರ ಬಾಗಿಲು ತಟ್ಟಿದರು. ತೂತು ಹೊಡೆದ ಕಾರ್ಡುಗಳಿಂದ ಶುರುವಾದ ಆ ಕೆಲಸ ಅಚ್ಚಾಗಿ ಮುಗಿಯಲು ಮೂವತ್ತು ವರ್ಷ ಹಿಡಿಯಿತು, 50ಕ್ಕೂ ಹೆಚ್ಚು ಸಂಪುಟವಾಯಿತು.

ಕನ್ನಡದವರು ಆ ಹೊತ್ತಿಗೆ ಯಂತ್ರವಿಲ್ಲದೆ ಇದೇ ಕೆಲಸ ಮಾಡುತ್ತಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಿಂತಿರುವುದು ಶಾಸನಗಳಿಂದ ಹಿಡಿದು ಹೊಸಗನ್ನಡದವರೆಗಿನ ಪುಸ್ತಕಗಳಿಂದ ಕೈಯಲ್ಲಿ ಬರೆದುಕೊಂಡ ಚೀಟಿಗಳ ರಾಶಿಯ ಮೇಲೆ. ಒಂದೊಂದು ಚೀಟಿಯಲ್ಲಿ ಒಂದು ಪದ, ಅದು ಬಂದ ವಾಕ್ಯ, ಕೃತಿಯ ಹೆಸರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ದತ್ತಸಂಚಯ.

ಇನ್ನೂ ಹಿಂದೆ, ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಓಲೆಗರಿ ಕೂಡಿಸದಿದ್ದರೆ ಇವತ್ತು ಎಣಿಸುವುದಕ್ಕೆ ವಚನಗಳೇ ಇರುತ್ತಿರಲಿಲ್ಲ. ಆವರೆಗೆ ಗೊತ್ತಿದ್ದ ವಚನಕಾರರು ಐವತ್ತರ ಆಸುಪಾಸು. ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ 250 ದಾಟಿತು. ಅವರು ಹಾಕಿದ ತಳಪಾಯದ ಮೇಲೆ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು.

ಆ ಸಂಪುಟಗಳ ಪಠ್ಯವನ್ನು ಇಟ್ಟುಕೊಂಡು ಹುಟ್ಟಿದ್ದು ‘ವಚನ ಸಂಚಯ’. ಹತ್ತು ವರ್ಷಕ್ಕೂ ಹಿಂದೆ ವಿದ್ವಾಂಸ ಓ.ಎಲ್. ನಾಗಭೂಷಣ ಸ್ವಾಮಿ, ತಂತ್ರಜ್ಞ ಓಂಶಿವಪ್ರಕಾಶ್ ಮತ್ತು ಗೆಳೆಯರು ಸ್ವಂತ ಆಸಕ್ತಿಯಿಂದ ಕಟ್ಟಿದ ತಾಣವಿದು. ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳಲ್ಲಿ ಯಾವುದೇ ಪದ ಹುಡುಕಿದರೆ ಅದನ್ನು ಯಾರು ಯಾರು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎದುರಿಗೆ ಬರುತ್ತದೆ. ಹಿಂದೆ ಪಿಎಚ್‌ಡಿ ವಿದ್ಯಾರ್ಥಿಗೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಪಟ್ಟಿ ಅದು. ಇದೇ ಬಳಗ ದಾಸ ಸಾಹಿತ್ಯಕ್ಕೂ ಸರ್ವಜ್ಞನಿಗೂ ಇಂಥ ಸಂಚಯ ಮಾಡಿತು. ದೊಡ್ಡ ಅನುದಾನದ ಯೋಜನೆಗಳು ಮಾಡದ್ದನ್ನು ರಜೆಯ ದಿನ ಕೂತು ಮಾಡಿದ ಈ ಜನರನ್ನು ಕನ್ನಡ ಇನ್ನೂ ಸರಿಯಾಗಿ ಗುರುತಿಸಿಲ್ಲ.

ಯಂತ್ರ ಏನನ್ನು ನೋಡುತ್ತದೆ?

ಒಬ್ಬ ಕವಿಯ ಶೈಲಿಯೆಂದರೆ ಅವನ ಭಾರಿ ಪದಗಳು ಎಂದು ನಾವು ತಿಳಿದಿರುತ್ತೇವೆ. ಗುರು, ಭಕ್ತಿ, ಮಾಯೆ, ದೇಹ. ಯಂತ್ರಕ್ಕೆ ಅವುಗಳಿಂದ ಉಪಯೋಗ ಕಡಿಮೆ. ಅವನ್ನು ಯಾರು ಬೇಕಾದರೂ ಅನುಕರಿಸಬಹುದು. ಅದು ಎಣಿಸುವುದು ‘ಎಂದು’, ‘ಇಲ್ಲ’, ‘ತಾನು’, ‘ಮತ್ತು’, ‘ಆದರೆ’, ‘ಕಾಣೋ’, ‘ಕೇಳು’ ಮುಂತಾದ ಪುಡಿ ಪದಗಳನ್ನು, ವಿಭಕ್ತಿ ಪ್ರತ್ಯಯಗಳನ್ನು, ಯಾವ ಅಕ್ಷರದ ಪಕ್ಕ ಯಾವುದು ಎಷ್ಟು ಸಲ ಬರುತ್ತದೆ ಎಂಬುದನ್ನು. ಕತ್ತಲಲ್ಲಿ ಬರುವವರು ಯಾರೆಂದು ಮನೆಯವರು ಹೆಜ್ಜೆಯ ಸಪ್ಪಳದಿಂದಲೇ ತಿಳಿಯುವಂತೆ, ಬರೆಯುವವರಿಗೇ ಗೊತ್ತಿಲ್ಲದ ಈ ರೂಢಿಗಳು ಅವರ ಗುರುತು ಬಿಟ್ಟುಕೊಡುತ್ತವೆ.

ಹ್ಯಾರಿ ಪಾಟರ್ ಖ್ಯಾತಿಯ ಜೆ.ಕೆ. ರೌಲಿಂಗ್ ಬೇರೆ ಹೆಸರಲ್ಲಿ ಬರೆದ ಪತ್ತೇದಾರಿ ಕಾದಂಬರಿ 2013ರಲ್ಲಿ ಬಯಲಾದಾಗ ಇಂಥದೇ ಲೆಕ್ಕ ನೆರವಿಗೆ ಬಂದಿತ್ತು. ಅದಕ್ಕೂ ಮುಂಚೆ, 1964ರಲ್ಲಿ, ಅಮೆರಿಕದ ಸಂವಿಧಾನದ ಪರವಾಗಿ ಅನಾಮಧೇಯವಾಗಿ ಬರೆದ ಪ್ರಬಂಧಗಳಲ್ಲಿ ಕರ್ತೃವಿನ ವಿವಾದವಿದ್ದವನ್ನು ಇಬ್ಬರು ಸಂಖ್ಯಾಶಾಸ್ತ್ರಜ್ಞರು ಹೀಗೆಯೇ ಪುಡಿ ಪದ ಎಣಿಸಿ ಜೇಮ್ಸ್ ಮ್ಯಾಡಿಸನ್ ಅವರವೆಂದು ತೋರಿಸಿದರು.

ಈ ವಿದ್ಯೆಯನ್ನು ಶರೀಫರ ಪದಗಳಿಗೆ ತರುವಾಗ ಮೊದಲು ಮಾಡಬೇಕಾದದ್ದು ಕೇಳಲು ವಿಚಿತ್ರ: ಅಂಕಿತ ತೆಗೆದು ಹಾಕಬೇಕು. ಕೊನೆಯ ನುಡಿಯಲ್ಲಿ ಶಿಶುನಾಳಧೀಶ ಬಂದರೆ ನಮಗೆ ಅದು ಶರೀಫರ ಪದ. ಕಾಗಿನೆಲೆಯ ಆದಿಕೇಶವ ಬಂದರೆ ಕನಕದಾಸರದು. ಆದರೆ ಅಂಕಿತ ಯಾರು ಬೇಕಾದರೂ ಹಾಕಬಹುದಾದ ರುಜು. ಗುರುವಿನ ಮೇಲಿನ ಭಕ್ತಿಯಿಂದ ಹಾಕಿದವರಿದ್ದಾರೆ, ತಮ್ಮ ಪದ ಜನರ ಬಾಯಲ್ಲಿ ನಿಲ್ಲಲಿ ಎಂದು ಹಾಕಿದವರೂ ಇರಬೇಕು. ಅಂಕಿತ ಅಳಿಸಿದ ಮೇಲೂ ಒಂದಷ್ಟು ಪದಗಳು ಒಂದೇ ಗುಂಪಿಗೆ ಬಂದು ಕೂಡಿದರೆ ಅದು ಪುರಾವೆ. ಚದುರಿ ಹೋದರೆ ಅದೂ ಪುರಾವೆಯೇ.

ಇಲ್ಲೊಂದು ಮಿತಿ ಇದೆ, ಅದನ್ನು ಮುಚ್ಚಿಟ್ಟು ಮಾತಾಡುವವರನ್ನು ನಂಬಬಾರದು. ಈ ಲೆಕ್ಕ ಗಟ್ಟಿಯಾಗಿ ನಿಲ್ಲಲು ಒಂದೊಂದು ಕಡೆಗೂ ಕೆಲವು ಸಾವಿರ ಪದಗಳಾದರೂ ಬೇಕು. ಒಂದು ತತ್ವಪದದಲ್ಲಿ ಇರುವುದು ನೂರರ ಒಳಗೆ ಹೊರಗೆ. ಆದ್ದರಿಂದ ಕಟ್ಟೆಯ ಮೇಲಿನ ಆ ಹಿರಿಯರಿಗೆ ‘ಈ ಒಂದು ಪದ ಶರೀಫಜ್ಜನದು ಹೌದೋ ಅಲ್ಲೋ’ ಎಂದು ಯಾವ ಕಂಪ್ಯೂಟರೂ ಹೇಳಲಾರದು. ಒಂದು ಸಂಕಲನವನ್ನೋ ಒಂದು ಊರಿನ ಹಾಡಿನ ಕಟ್ಟನ್ನೋ ಕೊಟ್ಟರೆ, ಇದರಲ್ಲಿ ಎಷ್ಟು ಕೈ ಆಡಿವೆ ಎಂಬ ಅಂದಾಜು ಕೊಡಬಲ್ಲದು. ಕನಕದಾಸರ ವಿಷಯದಲ್ಲಿ ಮತ್ತೊಂದು ಎಚ್ಚರ ಬೇಕು. ‘ಮೋಹನತರಂಗಿಣಿ’ ಸಾಂಗತ್ಯದಲ್ಲಿದೆ, ‘ನಳಚರಿತ್ರೆ’ ಷಟ್ಪದಿಯಲ್ಲಿದೆ, ಕೀರ್ತನೆಗಳ ದಾರಿಯೇ ಬೇರೆ. ಪ್ರಕಾರ ಬದಲಾದರೆ ಒಬ್ಬನೇ ಕವಿಯ ಲೆಕ್ಕವೂ ಬದಲಾಗುತ್ತದೆ. ಅದನ್ನು ಮರೆತು ಎಣಿಸಿದವರಿಗೆ ಮೂರು ಜನ ಕನಕದಾಸರು ಸಿಕ್ಕಾರು!

ಸರ್ವಜ್ಞನ ಏಳು ಕೋಟಿ

ಸರ್ವಜ್ಞ ಏಳು ಕೋಟಿಗೂ ಮಿಕ್ಕಿ ವಚನ ಹೇಳಿದ ಎಂಬ ಮಾತು ಜನಜನಿತ. ಇದಕ್ಕೆ ಕಂಪ್ಯೂಟರ್ ಬೇಡ, ಬೆರಳು ಸಾಕು. ಅರವತ್ತು ವರ್ಷ ಒಂದು ದಿನವೂ ಬಿಡದೆ ಹೇಳಿದರೂ ದಿನಕ್ಕೆ 3,000 ದಾಟಬೇಕು. ಊಟ ನಿದ್ದೆ ಬಿಟ್ಟರೂ ನಿಮಿಷಕ್ಕೆ ಎರಡರ ಲೆಕ್ಕ. ಜನ ಆ ಸಂಖ್ಯೆ ಹೇಳುವುದು ಪ್ರೀತಿಗೆ, ಎಣಿಕೆಗಲ್ಲ.

ನಿಜವಾಗಿ ಎಣಿಕೆಗೆ ಕೂತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕೈಬರಹದ ಪ್ರತಿಗಳನ್ನು ಹುಡುಕಿ, ಜನರ ಬಾಯಿಂದ ಕೇಳಿ, ಹೋಲಿಸಿ, ವಿಷಯವಾರು ವಿಂಗಡಿಸಿ ಅವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಅವರಿಗೆ ದಕ್ಕಿದ್ದು ಎರಡು ಸಾವಿರದಷ್ಟು. ಅದರಲ್ಲೂ ಎಷ್ಟು ಒಬ್ಬನದು ಎಂಬ ಪ್ರಶ್ನೆ ನೂರು ವರ್ಷವಾದರೂ ಬಗೆಹರಿದಿಲ್ಲ. ಮೂರು ಸಾಲು ಕಟ್ಟಿ ಕೊನೆಗೆ ಸರ್ವಜ್ಞನ ಹೆಸರು ಹಾಕಿದರೆ ಯಾರ ಅನುಭವವೂ ಅವನ ವಚನವಾಗುತ್ತದೆ. ಇವತ್ತಿಗೂ ವಾಟ್ಸ್‌ಆ್ಯಪ್‌ನಲ್ಲಿ ಹೊಸ ಸರ್ವಜ್ಞ ವಚನಗಳು ಹುಟ್ಟುತ್ತಲೇ ಇವೆ.

ಇಲ್ಲಿ ಯಂತ್ರಕ್ಕೆ ಸಿಗುವ ಹಿಡಿಕೆ ಛಂದಸ್ಸು. ಸರ್ವಜ್ಞನ ವಚನಗಳಿರುವ ತ್ರಿಪದಿಯಲ್ಲಿ ಹನ್ನೊಂದು ಗಣ. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಮಿಕ್ಕವು ವಿಷ್ಣುಗಣ. ನಿಯಮ ಸ್ಪಷ್ಟವಾಗಿದ್ದರೂ ಅಂಶಗಣದ ಅಕ್ಷರಗಳು ಹಾಡುವವರ ದನಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಯಂತ್ರ ಅಲ್ಲಲ್ಲಿ ತಡವರಿಸುತ್ತದೆ. ಭಾಮಿನಿ ಷಟ್ಪದಿ ಅದಕ್ಕೆ ಸಲೀಸು. ಮೂರು ನಾಲ್ಕು ಮಾತ್ರೆಗಳ ಸರದಿ. ಚಿಕ್ಕ ಸಾಲಿಗೆ 14, ದೊಡ್ಡ ಸಾಲಿಗೆ 23, ಪದ್ಯಕ್ಕೆ 102. ‘ನಳಚರಿತ್ರೆ’ಯ ಪ್ರತಿ ಪದ್ಯವನ್ನೂ ಕಂಪ್ಯೂಟರ್ ಕ್ಷಣದಲ್ಲಿ ತೂಗಿ, 101 ಬಂದಲ್ಲಿ ‘ಇಲ್ಲಿ ಲಿಪಿಕಾರ ಒಂದು ಅಕ್ಷರ ನುಂಗಿರಬೇಕು’ ಎಂದು ಗುರುತು ಹಾಕಬಲ್ಲದು. ಹಳೆಯ ಸಂಪಾದಕರು ಬೆರಳು ಮಡಚಿ ಮಾಡುತ್ತಿದ್ದ ಕೆಲಸವೇ ಇದು. ಹೊಸದೆಂದರೆ ವೇಗ, ಮತ್ತು ದಣಿಯದ ಕಣ್ಣು.

ಕನ್ನಡದ್ದೇ ಆದ ತೊಡಕು

ಇಂಗ್ಲಿಷಿಗೆಂದು ಮಾಡಿದ ತಂತ್ರಾಂಶ ಎರಡು ಖಾಲಿ ಜಾಗಗಳ ನಡುವೆ ಇರುವುದನ್ನೆಲ್ಲ ಒಂದು ಪದವೆಂದು ಎಣಿಸುತ್ತದೆ. ನಮ್ಮಲ್ಲಿ ಮನೆ, ಮನೆಯೊಳಗ, ಮನೆಯಿಂದಲೇ, ಮನೆಗಳಲ್ಲೆಲ್ಲ ಎಲ್ಲವೂ ಒಂದೇ ಪದದ ಸಂಸಾರ. ಜೊತೆಗೆ ಸಂಧಿ, ಸಮಾಸ. ಬಿಡಿಸದೆ ಎಣಿಸಿದರೆ ಲೆಕ್ಕವೆಲ್ಲ ಸುಳ್ಳು. ಬಿಡಿಸುವುದಕ್ಕೆ ವ್ಯಾಕರಣ ಬಲ್ಲ ತಂತ್ರಾಂಶ ಬೇಕು. ಹೊಸಗನ್ನಡದ ಬರಹಕ್ಕೆ ಅದು ತಕ್ಕಮಟ್ಟಿಗೆ ಇದೆ, ನಡುಗನ್ನಡಕ್ಕೆ ಅರೆಬರೆ, ಆಡುಮಾತಿಗೆ ಬಹಳ ಕಡಿಮೆ.

ಪಠ್ಯವನ್ನು ಯಂತ್ರದೊಳಗೆ ತರುವುದೇ ಮತ್ತೊಂದು ಕಷ್ಟ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದರೂ ನಮ್ಮ ಮುದ್ರಣಾಲಯಗಳು, ಕಚೇರಿಗಳು ಬಹುಕಾಲ ಹಳೆಯ ಫಾಂಟುಗಳಲ್ಲೇ ಉಳಿದವು. ಆ ಕಡತಗಳನ್ನು ಇವತ್ತು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಹಳೆಯ ಪುಸ್ತಕದ ಚಿತ್ರ ತೆಗೆದು ಅಕ್ಷರ ಓದಿಸಿದರೆ ಪ ಹೋಗಿ ಷ, ಮ ಹೋಗಿ ವ ಆಗುತ್ತವೆ. ಒತ್ತಕ್ಷರ ಕಳಚಿ ಬೀಳುತ್ತದೆ, ಅರ್ಕಾವತ್ತು ಎಲ್ಲೋ ಹಾರಿಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಓದುವ ತಂತ್ರಾಂಶದ ಮೇಲೆ ಒಳ್ಳೆಯ ಕೆಲಸವಾಗಿದೆ. ಆದರೂ ಕೊನೆಗೆ ಮನುಷ್ಯರು ಕೂತು ಕರಡು ತಿದ್ದುವುದು ತಪ್ಪಿಲ್ಲ.

ಇವೆಲ್ಲಕ್ಕಿಂತ ದೊಡ್ಡ ತೊಡಕು ನಾವೇ ಮಾಡಿಕೊಂಡದ್ದು. ಶರೀಫರು ಹಾಡಿದ್ದು ಈ ಸೀಮೆಯ ಮಾತಿನಲ್ಲಿ. ಅದರಲ್ಲಿ ಉರ್ದು, ಮರಾಠಿ ಪದಗಳೂ ಸಹಜವಾಗಿ ಬೆರೆತಿದ್ದವು. ಅಚ್ಚಿಗೆ ಹೋಗುವಾಗ ಯಾರೋ ‘ಹ್ಯಾಂಗ’ವನ್ನು ‘ಹೇಗೆ’ ಮಾಡುತ್ತಾರೆ, ‘ಮ್ಯಾಲೆ’ಯನ್ನು ‘ಮೇಲೆ’ ಮಾಡುತ್ತಾರೆ. ಕ್ಯಾಸೆಟ್ಟಿಗೆ ಹೋಗುವಾಗ ಇನ್ನೊಂದಷ್ಟು ನಯವಾಗುತ್ತದೆ. ಯಂತ್ರ ಎಣಿಸುವುದು ಇಂಥ ಪುಡಿ ಪದಗಳನ್ನೇ. ಹೀಗಾಗಿ ತಿದ್ದಿದ ಪುಸ್ತಕದಿಂದ ಶೈಲಿ ಲೆಕ್ಕ ಹಾಕಿದರೆ ಸಿಗುವುದು ಶರೀಫರ ಹೆಜ್ಜೆಯಲ್ಲ, ಸಂಪಾದಕರದು.

ಕಲ್ಲಿಗಿದ್ದ ಭಾಗ್ಯ ಹಾಡಿಗಿಲ್ಲ

ಇದೇ ನೆಲದ ಶಾಸನಗಳ ಕಥೆ ನೋಡಿ. ಹಾನಗಲ್ಲ ಕದಂಬರ ರಾಜಧಾನಿ. ತಾರಕೇಶ್ವರ ಗುಡಿಯ ಸುತ್ತ ಶಾಸನಗಳೂ ವೀರಗಲ್ಲುಗಳೂ ಇವೆ. ಬಂಕಾಪುರದ ನಗರೇಶ್ವರ ದೇಗುಲವಿದೆ, ಏಕಾಂತದ ರಾಮಯ್ಯನ ಪವಾಡವನ್ನು ಕೆತ್ತಿದ ಅಬಲೂರಿನ ಸೋಮೇಶ್ವರ ಗುಡಿಯ ಶಾಸನವಿದೆ. ಸಾಮಾನ್ಯವಾಗಿ ಶಾಸನ ತನ್ನ ವಿಳಾಸ ತಾನೇ ಹೇಳುತ್ತದೆ: ಯಾವ ದೊರೆ, ಯಾವ ಶಕವರ್ಷ, ಯಾವ ತಿಥಿ, ಯಾರು ಎಷ್ಟು ಮತ್ತರು ಭೂಮಿಯನ್ನು ಯಾರಿಗೆ ಕೊಟ್ಟರು. ಹೀಗಾಗಿ ಅದನ್ನು ಕೋಷ್ಟಕಕ್ಕೆ ಇಳಿಸುವುದು, ನಕ್ಷೆಯ ಮೇಲೆ ಗುರುತಿಸುವುದು, ಯಾವ ಶತಮಾನದಲ್ಲಿ ಯಾವ ತೆರಿಗೆ ಎಲ್ಲೆಲ್ಲಿತ್ತು ಎಂದು ನೋಡುವುದು ಸಾಧ್ಯ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಅಲ್ಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಸವೆದು ಹೋದಂತೆ ಕಾಣುವ ಅಕ್ಷರವೂ ಪರದೆಯ ಮೇಲೆ ಓದಲು ಸಿಗುತ್ತದೆ. ಈ ಕೆಲಸ ಹಾನಗಲ್ಲಿಗೂ ಬರಬೇಕು.

ಹಾಡಿಗೆ ಶಕವರ್ಷವಿಲ್ಲ. ಅದನ್ನು ಹಾಡಿದವರು ಯಾರು, ಯಾವ ಊರು, ಯಾರಿಂದ ಕಲಿತರು ಎಂಬುದನ್ನು ಬರೆದಿಡದಿದ್ದರೆ ಅದು ಗಾಳಿಯಲ್ಲಿ ತೇಲುವ ಪಠ್ಯ. ಬರೆದಿಟ್ಟರೆ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದ ಜಮ್ಶೀದ್ ತೆಹ್ರಾನಿ 2013ರಲ್ಲಿ ಮಾಡಿದ ಕೆಲಸ ಸಾಕ್ಷಿ. ಕೆಂಪು ಟೊಪ್ಪಿಗೆಯ ಹುಡುಗಿ ಮತ್ತು ತೋಳದ ಕಥೆಯ 58 ರೂಪಗಳನ್ನು ಹಲವು ನಾಡುಗಳಿಂದ ತೆಗೆದುಕೊಂಡು, ಜೀವವಿಜ್ಞಾನಿಗಳು ಪ್ರಾಣಿಗಳ ವಂಶವೃಕ್ಷ ಕಟ್ಟುವ ಲೆಕ್ಕದಲ್ಲೇ ಅವರು ಕಥೆಯ ವಂಶವೃಕ್ಷ ಕಟ್ಟಿದರು. ಯಾವುದು ಯಾವುದರಿಂದ ಕವಲೊಡೆಯಿತು, ಎಲ್ಲಿ ಎರಡು ಕಥೆಗಳು ಬೆರೆತವು ಎಂಬುದು ಅದರಲ್ಲಿ ಕಂಡಿತು. ಶರೀಫರ ಒಂದೇ ಪದ ಕುಂದಗೋಳದಲ್ಲಿ ಹೇಗೆ, ಸವಣೂರಲ್ಲಿ ಹೇಗೆ, ಹಾವೇರಿಯಲ್ಲಿ ಹೇಗೆ ಎಂಬ ಐವತ್ತು ಪಾಠಗಳಿದ್ದರೆ ನಮ್ಮಲ್ಲೂ ಇದು ಆಗುವ ಕೆಲಸ. ಯಾವ ಮೇಳದಿಂದ ಯಾವ ಮೇಳಕ್ಕೆ ಪದ ಹೋಯಿತು, ನುಡಿ ಎಲ್ಲಿ ಹಿಂದುಮುಂದಾಯಿತು ಎಂದು ಗೆರೆ ಎಳೆದು ತೋರಿಸಬಹುದು.

ಕಾಲದ ಸುಳಿವೂ ಸಿಕ್ಕೀತು. ಶರೀಫರ ಪದಗಳಲ್ಲಿ ಮಾಳಿಗೆ, ಮಗ್ಗ, ಗಿರಣಿಗಳೆಲ್ಲ ಬರುತ್ತವೆ. ಗಿರಣಿಯನ್ನು ವರ್ಣಿಸುವ ಪದ ಈ ಸೀಮೆಯವರು ಗಿರಣಿ ಕಾಣುವ ಮೊದಲು ಹುಟ್ಟಿರಲಾರದು. ಇಂಥ ವಸ್ತುಗಳ ಪಟ್ಟಿ ಮಾಡಿದರೆ ಪದಗಳ ಕಾಲ ಒಂದಿಷ್ಟು ಬಿಗಿಯಾಗುತ್ತದೆ, ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆಯ ಬದುಕಿನ ಯಾದಿಯೂ ಕೈಗೆ ಸಿಗುತ್ತದೆ. ಆ ಗಿರಣಿ ಯಾವ ದೇಹದ, ಯಾವ ಸಂಸಾರದ ಮಾತು ಎಂಬುದನ್ನು ಮಾತ್ರ ಯಾದಿ ಹೇಳುವುದಿಲ್ಲ. ಬೆಡಗಿನ ಪದದ ಒಳಗು ಎಣಿಕೆಗೆ ದಕ್ಕುವುದಲ್ಲ. ಅದಕ್ಕೆ ಈಗಲೂ ಬೇಕಿರುವುದು ಶರೀಫರಿಗೆ ಸಿಕ್ಕ ಗೋವಿಂದಭಟ್ಟರಂಥ ಗುರು.

ಹೆದ್ದಾರಿಯ ಪಕ್ಕದಲ್ಲೇ ಇದೆ ವಿಶ್ವವಿದ್ಯಾಲಯ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಶಿಗ್ಗಾಂವ ಸಮೀಪದ ಗೊಟಗೋಡಿ ದಾಟುವವರಿಗೆ ಉತ್ಸವ ರಾಕ್ ಗಾರ್ಡನ್ ಗೊತ್ತು. ಅದೇ ಗೊಟಗೋಡಿಯಲ್ಲಿ, 2011ರಲ್ಲಿ ಸ್ಥಾಪನೆಯಾದ, ಜಾನಪದಕ್ಕೆಂದೇ ಮೀಸಲಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ ಎಂಬುದು ಅನೇಕ ಪ್ರಯಾಣಿಕರಿಗೆ ಗೊತ್ತಿಲ್ಲ. ಲಾವಣಿ, ಗೀಗೀ ಪದ, ಸೋಬಾನೆ, ಡೊಳ್ಳಿನ ಪದ, ತತ್ವಪದಗಳ ಧ್ವನಿಮುದ್ರಣವನ್ನು ಊರು, ಹಾಡುಗಾರರು, ದಿನಾಂಕ, ಕಲಿತ ಮೂಲ ಸಮೇತ ಒಂದೇ ಕಡೆ ಇಟ್ಟು ಎಲ್ಲರಿಗೂ ತೆರೆದಿಡಲು ಇದಕ್ಕಿಂತ ತಕ್ಕ ಜಾಗ ಇಲ್ಲ. ಕಟ್ಟಡ, ಹುದ್ದೆಗಳ ಮಾತು ಎಷ್ಟು ಕೇಳಿಬರುತ್ತದೋ ಈ ಭಂಡಾರದ ಮಾತೂ ಅಷ್ಟೇ ಕೇಳಿಬರಬೇಕು.

ಇದು ಸಂಶೋಧಕರ ಶೋಕಿಯಷ್ಟೇ ಅಲ್ಲ. ಇವತ್ತು ಮೊಬೈಲಿಗೆ ಮಾತು ಹೇಳಿ ಬರೆಸುತ್ತೇವೆ, ಯಂತ್ರದಿಂದ ಅನುವಾದ ಮಾಡಿಸುತ್ತೇವೆ. ಆ ಯಂತ್ರ ಕನ್ನಡ ಕಲಿಯುವುದು ಯಾರೋ ಕೂಡಿಸಿಟ್ಟ ಕನ್ನಡದಿಂದ. ಕೇಂದ್ರ ಸರ್ಕಾರದ ‘ಭಾಷಿಣಿ’, ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ಯಂಥ ಯೋಜನೆಗಳು ಜನರ ದನಿಯನ್ನು ಕೂಡಿಸುತ್ತಿರುವುದು ಇದೇ ಕಾರಣಕ್ಕೆ. ಪತ್ರಿಕೆ, ಕಚೇರಿಗಳ ಕನ್ನಡವನ್ನಷ್ಟೇ ಉಣಿಸಿದರೆ ‘ಹೊಂಟೇನಿ’, ‘ಮಾಡಾಕತ್ತೇನಿ’ ಎನ್ನುವ ಶಿಗ್ಗಾಂವದ ರೈತನ ಮಾತು ಅದಕ್ಕೆ ಪರಭಾಷೆಯೇ. ಹಾಡುಗಾರರ ಒಪ್ಪಿಗೆ, ಹೆಸರು, ಹಕ್ಕುಗಳ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಅಜ್ಜಿಯೊಬ್ಬಳ ಇಡೀ ರಾತ್ರಿಯ ಹಾಡನ್ನು ಮುದ್ರಿಸಿಕೊಂಡು ‘ಜನಪದ’ ಎಂದಷ್ಟೇ ಬರೆಯುವ ಹಳೇ ಚಾಳಿ ನಿಲ್ಲಬೇಕು. ಆಕೆಯ ಹೆಸರನ್ನು ಆಕೆಯ ಒಪ್ಪಿಗೆಯಿಂದಲೇ ಬರೆಯಬೇಕು.

ಎಣಿಸುವ ತಂತ್ರಾಂಶ ಇವತ್ತು ಬಿಟ್ಟಿಯಾಗಿ ಸಿಗುತ್ತದೆ, ನಾಳೆ ಇನ್ನೂ ಚುರುಕಾದದ್ದು ಬರುತ್ತದೆ. ಬಾರದೇ ಇರುವುದು ಹಾಡುಗಳು. ಮನೆಯಲ್ಲಿ ಅಜ್ಜ ಬರೆದಿಟ್ಟ ಭಜನಿ ಪದದ ನೋಟಬುಕ್ಕು ಇದ್ದರೆ ಈ ವಾರವೇ ಹೊರಗೆ ತೆಗೆಯಿರಿ. ರಟ್ಟಿನಿಂದ ರಟ್ಟಿನವರೆಗೆ ಪ್ರತಿ ಪುಟದ ಫೋಟೊ ಹಗಲು ಬೆಳಕಿನಲ್ಲಿ ತೆಗೆದಿಡಿ. ಹಾಡುವವರು ಇನ್ನೂ ಇದ್ದರೆ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಹಾಡಿಗೆ ಮೊದಲು ಅವರ ಹೆಸರು, ಊರು, ಯಾರಿಂದ ಕಲಿತರು, ಅಂದಿನ ತಾರೀಖು ಇಷ್ಟನ್ನು ಅವರ ಬಾಯಿಂದಲೇ ಹೇಳಿಸಿ. ಒಂದು ಪ್ರತಿಯನ್ನು ಗೊಟಗೋಡಿಗೆ ತಲುಪಿಸಿ. ಮತ್ತು ದಯವಿಟ್ಟು, ತಪ್ಪೆಂದು ಕಂಡ ಒಂದು ಅಕ್ಷರವನ್ನೂ ತಿದ್ದಬೇಡಿ.